ಒಂದೂವರೆ ಪದ್ಯದ ನಿದ್ದೆ

ನಮ್ಮ ಮೊಮ್ಮಗಳು ಬೋಜಮ್ಮ ಮಲಗದೆ ಹಟ ಮಾಡುತ್ತಿದ್ದುದಕ್ಕೆ ತಮ್ಮ ಕಾವ್ಯವಾಚನವೂ ಒಂದು ಕಾರಣವೆಂದರೆ ನನ್ನ ಯಜಮಾನರು ಸೂರ್ಯನಾರಾಯಣ ಈಗಲೂ ಒಪ್ಪುವುದಿಲ್ಲ. "ಇಷ್ಟು ಎತ್ತರದ ಮಹಡೀಲಿ ಯಾವ ಮಗು ಮಲಗುತ್ತೆ ಶಾರದಾ? ಹಕ್ಕಿಗಳೇ ಇಲ್ಲೀತನಕ ಬರಲ್ಲ" ಎನ್ನುತ್ತಾರೆ.

ಬೋಜಮ್ಮ ಎಂದಕೂಡಲೇ ಯಾರೋ ಹಿರಿಯರು ಅಂದುಕೊಳ್ಳಬೇಡಿ. ಅವಳಿಗೆ ಆಗಷ್ಟೇ ವರ್ಷ ತುಂಬಿತ್ತು. ಅಳಿಯ ಪೊನ್ನಣ್ಣ ಕೊಡಗಿನವನು, ಸೈನ್ಯದಲ್ಲಿದ್ದಾನೆ. ತನ್ನ ಅಜ್ಜಿಯ ಹೆಸರನ್ನು ಮಗಳಿಗಿಟ್ಟು, ರಜೆ ಮುಗಿಸಿ ಗಡಿಯ ಕಡೆಗೆ ಹೊರಟುಹೋದ. ಅಷ್ಟು ದೊಡ್ಡ ಹೆಸರನ್ನು ಅಷ್ಟು ಚಿಕ್ಕ ಮೈಗೆ ಹೊದಿಸಲಾಗದೆ ನಾವು ಬೋಜಿ ಎಂದು ಕರೆಯತೊಡಗಿದೆವು. ಮಗಳು ಹಂಸಿನಿಗೆ ಜೊತೆಯಾಗಲೆಂದು ನಾವಿಬ್ಬರೂ ದೆಹಲಿಯ ದ್ವಾರಕಾದ ಮನೆಗೆ ಬೀಗ ಹಾಕಿ ಗುರುಗ್ರಾಮದ ಅವಳ ಫ್ಲ್ಯಾಟಿಗೆ ಬಂದಿದ್ದೆವು.

ಹಂಸಿನಿಯ ಹೆರಿಗೆ ರಜೆ ಮುಗಿದು, ಅದರ ಮೇಲೆ ಕೇಳಿ ಪಡೆದ ರಜೆಯೂ ಮುಗಿಯುತ್ತ ಬಂದಿತ್ತು. ಆಫೀಸಿಗೆ ಮರಳಿದರೆ ಸಂಜೆಯ ಮೀಟಿಂಗುಗಳನ್ನು ಮುಗಿಸಿ ಮನೆ ಸೇರುವುದು ಊಟದ ಹೊತ್ತಿಗೆ. ಬೋಜಿಯೋ ತಾಯಿಯ ಎದೆಗೆ ಬಾಯಿಟ್ಟರೆ ಮಾತ್ರ ಕಣ್ಣು ಮುಚ್ಚುವವಳು. ಹಾಸಿಗೆಗೆ ಇಳಿಸಿದರೆ ಮತ್ತೆ ಕಣ್ಣು ಬಿಡುವವಳು. ನಾನು ಎತ್ತಿಕೊಂಡರೆ ನನ್ನ ಮೂಗುಬೊಟ್ಟು ಹಿಡಿದು ಎಳೆಯುತ್ತಿದ್ದಳು. ಆಟಕ್ಕೆ ಅಜ್ಜಿ ಬೇಕು, ನಿದ್ದೆಗೆ ಬೇಡ.

ಒಂದು ದಿನ ಹಂಸಿನಿ ಮಗುವಿನ ಬಟ್ಟೆ ಮಡಿಸುತ್ತ, "ಕೆಲಸ ಬಿಟ್ಬಿಡ್ತೀನಿ ಅಮ್ಮ" ಎಂದಳು.

ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ, ಸಣ್ಣ ಕಾಲುಚೀಲಗಳನ್ನು ಜೋಡಿ ಮಾಡುತ್ತಲೇ ಇದ್ದಳು. ಮುನಿರ್ಕಾದ ಬಾಡಿಗೆ ಕೋಣೆಯಲ್ಲಿ ಮೂವರು ಗೆಳತಿಯರ ಜೊತೆ ಇದ್ದುಕೊಂಡು, ಮ್ಯಾಗಿ ತಿಂದು ಓದಿ ಸಂಪಾದಿಸಿದ ಕೆಲಸ ಅದು.

"ಡಾಕ್ಟರ್ ಏನಂದ್ರು?" ಎಂದು ಕೇಳಿದೆ.

"ದಿನಾ ಅದನ್ನೇ ಮಾಡಿ, ಅದೇ ಕ್ರಮದಲ್ಲಿ ಮಾಡಿ ಅಂದ್ರು. ಮುಂದೇನು ಅಂತ ಮಗೂಗೆ ಗೊತ್ತಾಗ್ಬೇಕಂತೆ. ಊಟ, ಸ್ನಾನ, ಕತ್ತಲೆ ಕೋಣೆ, ಒಂದು ಹಾಡು. ತೋಳಲ್ಲಿ ಮಲಗಿಸಬೇಡಿ, ತೂಕಡಿಸ್ತಿರುವಾಗಲೇ ಹಾಸಿಗೇಲಿ ಬಿಡಿ ಅಂದ್ರು. ಹಾಡು ನಂಗೆಲ್ಲಿ ಬರುತ್ತೆ?"

ಹಜಾರದಲ್ಲಿ ಪತ್ರಿಕೆ ಓದುತ್ತಿದ್ದ ಇವರು ಕನ್ನಡಕ ತೆಗೆದರು. "ಇಡೀ ಮನೇಲಿ ಕಾವ್ಯ ತುಂಬಿ ಸುರೀತಿದೆ, ಹಾಡಿಗೆ ಬರವೇನು? ಮಗೂನ ನಂಗೆ ಕೊಡಿ."

"ಚಲೋ, ಅದೂ ನೋಡೋಣ" ಎಂದಳು ಹಂಸಿನಿ.

ಇವರು ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲವೂ ದೆಹಲಿಯ ಕನ್ನಡ ಕೂಟಗಳಲ್ಲಿ ಷಟ್ಪದಿಗಳನ್ನು ರಾಗವಾಗಿ ಓದಿದವರು. ನಾನು ಓದಿದವಳಲ್ಲ, ಕೇಳಿದವಳು. ಮೊದಲು ಅಪ್ಪನನ್ನು, ಆಮೇಲೆ ಇವರನ್ನು. ಹಿಂದಿನ ಸಾಲಿನ ಜಮಖಾನದ ತುದಿ ಯಾವಾಗಲೂ ನನ್ನದು.

ಅಂದು ಸಂಜೆಯಿಂದ ತಾತನ ಪಾಠ ಶುರುವಾಯಿತು. ಸ್ನಾನ ಮಾಡಿಸಿದ ಮಗುವನ್ನು ಹಾಸಿಗೆಯಲ್ಲಿ ಬಿಟ್ಟು, ಇವರು ಪಕ್ಕದಲ್ಲಿ ಚಕ್ಕಳಮಕ್ಕಳ ಕೂತು, ಕಾಡು ಪಾಲಾದ ರಾಜಕುಮಾರರ ಕಥೆ ತೆಗೆದರು. ಪದ್ಯಕ್ಕೊಂದು ರಾಗ, ನಡುನಡುವೆ ಅರ್ಥ. ಆಶ್ಚರ್ಯವೆಂದರೆ ಬೋಜಿಯ ಕಣ್ಣು ನಿಧಾನವಾಗಿ ಭಾರವಾಯಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹಂಸಿನಿ ನನ್ನ ಕೈ ಹಿಡಿದುಕೊಂಡಳು.

ಆದರೆ ಕಥೆಯಲ್ಲಿ ಆಗ ಕತ್ತಲಾಗಿತ್ತು, ರಾಜಕುಮಾರರು ದಾರಿ ತಪ್ಪಿದ್ದರು. ವಾಚನವನ್ನು ಅಂಥ ಅಶುಭದ ಜಾಗದಲ್ಲಿ ನಿಲ್ಲಿಸಬಾರದು. ಇವರು ನಿಲ್ಲಿಸಲಿಲ್ಲ. ದಾರಿ ಸಿಕ್ಕುವತನಕ ಓದಿದರು. ದಾರಿ ಸಿಕ್ಕಿದ ಮೇಲೆ ಮಂಗಳ ಹಾಡಬೇಕಲ್ಲ, ಕೂಟದಲ್ಲಿ ಕೊನೆಯ ಸಾಲಿನವರೆಗೂ ಕೇಳಿಸುತ್ತಿದ್ದ ಆ ದನಿಯಲ್ಲಿ ಹಾಡಿದರು. ಬೋಜಿ ಎದ್ದು ಕೂತಳು. ಎದ್ದವಳಿಗೆ ಕೈಮುಗಿಯಲು ಕಲಿಸಿದರು. ಕೈಮುಗಿದವಳ ನಾಲಿಗೆಗೆ, ಪ್ರಸಾದವೆಂದು, ಕಲ್ಲುಸಕ್ಕರೆಯ ಒಂದು ಸಣ್ಣ ಹರಳು ತಾಕಿಸಿದರು.

ಮಾರನೆಯ ಸಂಜೆ ಮಗು ತೂಕಡಿಸಲೇ ಇಲ್ಲ. ಇವರು ಬಾಯಿ ತೆರೆದದ್ದೇ ಎರಡೂ ಕೈ ಜೋಡಿಸಿ, ನಾಲಿಗೆ ಚಾಚಿ ಕಾದಳು.

"ನೋಡೇ, ಎಂಥ ಶ್ರದ್ಧೆ!" ಎಂದರು ಇವರು.

"ಅಪ್ಪ, ಅದು ಶ್ರದ್ಧೆ ಅಲ್ಲ, ಶುಗರ್" ಎಂದಳು ಹಂಸಿನಿ. ನಗಲು ಹೋಗಿ ಅವಳ ದನಿ ಒಡೆಯಿತು. "ಡಾಕ್ಟರ್ ಹೇಳಿದ ಹಾಗೇ ಆಯ್ತು. ಮುಂದೇನು ಅಂತ ಅವಳಿಗೆ ಚೆನ್ನಾಗಿ ಗೊತ್ತಾಯ್ತು. ಸೋಮವಾರ ನಾನು ಆಫೀಸಿಗೆ ಹೋಗಲ್ಲ. ಇವತ್ತೇ ಮ್ಯಾನೇಜರ್‌ಗೆ ಹೇಳ್ಬಿಡ್ತೀನಿ."

"ಇವತ್ತು ಬೇಡ" ಎಂದೆ. "ಸೋಮವಾರದ ತನಕ ತಡಿ. ನಾನು ಮಲಗಿಸ್ತೀನಿ."

ಹಾಗೆಂದದ್ದೇನೋ ಹೌದು, ಹೇಗೆಂದು ನನಗೂ ಗೊತ್ತಿರಲಿಲ್ಲ. ಹಂಸಿನಿ ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಇವರು ನನ್ನ ಕಡೆ ತಿರುಗಿ, "ನೀನು ಏನು ಹಾಡ್ತೀಯ? ಆ ಒಂದೂವರೆ ಪದ್ಯವಾ?" ಎಂದರು.

ಅದು ನಮ್ಮ ಮನೆಯ ಹಳೆಯ ತಮಾಷೆ. ನನ್ನ ಅಪ್ಪ ವೆಂಕಟಸುಬ್ಬಯ್ಯನವರು ದೊಡ್ಡ ವಾಚನಕಾರರು, ಅವರ ಮಗಳಿಗೆ ಬಾಯಿಗೆ ಬರುವುದು ಮಾತ್ರ ಒಂದೂವರೆ ಪದ್ಯ. ಮದುವೆಯಾದ ಹೊಸತರಲ್ಲಿ ಇವರು ಕೇಳಿದಾಗ ನಾನು ಹೇಳಿದ್ದೇ ಅಷ್ಟು. ನನ್ನದು ಮಂದಬುದ್ಧಿಯೆಂದು ನಾನೂ ಒಪ್ಪಿಕೊಂಡುಬಿಟ್ಟಿದ್ದೆ.

"ಹೌದು, ಅದನ್ನೇ" ಎಂದೆ.

"ಅದರ ಮುಂದಿನದು? ಮಾವನವರ ಬಾಯಲ್ಲಿ ಎಷ್ಟು ವರ್ಷ ಕೇಳಿದ್ದೀಯ, ಒಂದು ಸಾಲೂ ನೆನಪಿಲ್ವಾ?"

"ಮುಂದಿನದನ್ನ ನಾನು ಕೇಳೇ ಇಲ್ಲ."

ಮಾತು ಬಾಯಿಂದ ಬಂದ ಮೇಲೆ ನನಗೇ ಅದು ಕೇಳಿಸಿತು. ಹೌದಲ್ಲ, ಕೇಳೇ ಇರಲಿಲ್ಲ.

ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ದೆಹಲಿಯ ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಬೇಸಿಗೆ ಬಂತೆಂದರೆ ಇಡೀ ಸಾಲಿನವರೆಲ್ಲ ಹಿಂದಿನ ಅಂಗಳದಲ್ಲಿ ಮಲಗುತ್ತಿದ್ದರು. ಬಿಸಿಲು ಇಳಿದ ಮೇಲೆ ಅಮ್ಮ ಸಿಮೆಂಟಿನ ನೆಲಕ್ಕೆ ಬಕೆಟ್ಟಿನಿಂದ ನೀರು ಚಿಮುಕಿಸುವಳು. ನೆಲದಿಂದ ಬಿಸಿ ಹಬೆ ಎದ್ದು ಮಣ್ಣಿನ ವಾಸನೆ ಬರುವುದು. ಆಮೇಲೆ ಹುರಿ ಮಂಚಗಳು ಹೊರಬರುವುವು, ಅವುಗಳ ನಡುವೆ ತಣ್ಣೀರಿನ ಮಣ್ಣಿನ ಹೂಜಿ, ಸುರಾಹಿ. ನನ್ನ ಕಾಲು ತೊಳೆದು, ಒರೆಸಿ, ಅಂಗಾಲಿಗೆ ಒಂದು ತೊಟ್ಟು ಎಳ್ಳೆಣ್ಣೆ. ಪಕ್ಕದ ಅಂಗಳದ ಪಂಜಾಬಿ ಅಜ್ಜಿ ಜಪಮಣಿ ಹಿಡಿದು ಕೂರುವಳು. ಅಪ್ಪ ಆಫೀಸಿನ ಅಂಗಿ ಕಳಚಿ, ಬನಿಯನ್ನಿನಲ್ಲಿ ನನ್ನ ಮಂಚದ ಅಂಚಿಗೆ ಕೂತು ಬೆನ್ನಿನ ಮೇಲೆ ಕೈಯಿಡುವರು.

ಶನಿವಾರದ ಕೂಟಗಳಲ್ಲಿ ಅಪ್ಪ ಕಾವ್ಯವನ್ನು ಸಂಧಿಯಿಂದ ಸಂಧಿಗೆ ಓದುತ್ತ ಹೋಗುತ್ತಿದ್ದರು. ಚಾಣಕ್ಯಪುರಿಯ ಕಡೆಯಿಂದ ದೊಡ್ಡ ಅಧಿಕಾರಿಗಳು ಕಾರಿನಲ್ಲಿ ಬಂದು ಕೇಳಿ ತಲೆದೂಗುತ್ತಿದ್ದರು. ಆದರೆ ಮಂಚದ ಅಂಚಿನಲ್ಲಿ ಕೂತಾಗ ಮುಂದಕ್ಕೆ ಹೋಗುತ್ತಿರಲಿಲ್ಲ. ದಿನವೂ ಸಂಜೆಯ ವರ್ಣನೆಯ ಅದೇ ಪದ್ಯ, ಅದೇ ರಾಗ. ಅಪ್ಪನಿಗೆ ಅವರಪ್ಪನಿಂದ ಬಾಯಿಂದ ಬಾಯಿಗೆ ಬಂದದ್ದು, ಕೂಟದಲ್ಲಿ ಎಂದೂ ಹಾಡದ್ದು:

ಇಳಿದ ನೇಸರು ಹೊಳೆಯ ತಡಿಯಲಿ
ಮಳಲ ಹಾಸಿನ ಮೇಲೆ ಮಲಗಿತು
ಕುಳಿತ ಹಕ್ಕಿಯು ಕೊಳಲನಾಲಿಸಿ ರೆಕ್ಕೆ ಮಡಿಸಿತು ತಾ...

ಮೂರು ಮಾತ್ರೆಗೆ ಒಂದು ತಟ್ಟು, ನಾಲ್ಕು ಮಾತ್ರೆಗೆ ಒಂದು ತಟ್ಟು. ಎರಡನೆಯ ಪದ್ಯದ ನಡುವಿಗೆ ಬರುವಷ್ಟರಲ್ಲಿ ನಾನಿರುತ್ತಿರಲಿಲ್ಲ. ಆ ಪದ್ಯದ ಕೊನೆಯಲ್ಲಿ ಏನಿದೆಯೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಪ್ಪನೂ ಅಲ್ಲಿಗೇ ನಿಲ್ಲಿಸಿ, ಮಂಗಳವಿಲ್ಲದೆ, ಮೆಲ್ಲಗೆ ಕೈ ತೆಗೆದು ಎದ್ದುಹೋಗುತ್ತಿದ್ದಿರಬೇಕು. ಅಷ್ಟು ಮಡಿವಂತರು, ನನಗಾಗಿ ದಿನವೂ ಪದ್ಯವನ್ನು ಅರ್ಧಕ್ಕೆ ಬಿಟ್ಟಿದ್ದರು.

ಇದನ್ನೆಲ್ಲ ಹೇಳಿದಾಗ ಇವರು, "ಮಾವನವರು ಅರ್ಧಕ್ಕೆ ನಿಲ್ಲಿಸ್ತಿದ್ರಾ?" ಎಂದರು.

"ನಿಲ್ಲಿಸ್ತಿದ್ರು ಅಂತ ಕಾಣುತ್ತೆ. ನಾನು ಮಲಗಿರ್ತಿದ್ನಲ್ಲ."

"ಹಾಗಿದ್ರೆ ನೀನೇ ಹಾಡು" ಎಂದರು.

ನಾಚಿಕೆಯೆಂದರೆ ಏನೆಂದು ಮಾರನೆಯ ಸಂಜೆ ಗೊತ್ತಾಯಿತು. ಅಷ್ಟು ವರ್ಷ ಬರೀ ಕೇಳಿದ ಗಂಟಲು ಅದು. ಬೋಜಿಗೆ ಅನ್ನ-ಬೇಳೆಕಟ್ಟು ತಿನ್ನಿಸಿ, ಬೆಚ್ಚಗಿನ ನೀರೆರೆದು, ಅಂಗಾಲಿಗೆ ಎಣ್ಣೆ ಸವರಿ, ಪರದೆ ಎಳೆದು, ದೇವರ ಮನೆಯಲ್ಲಿ ಹಚ್ಚುವಂಥ ಸಣ್ಣ ದೀಪವೊಂದನ್ನು ಉಳಿಸಿಕೊಂಡೆ. ಹಂಸಿನಿಯನ್ನು ಕೆಳಗಿನ ಪಾರ್ಕಿಗೆ ಕಳಿಸಿದ್ದೆ. ಹಾಲಿನ ವಾಸನೆ ಹತ್ತಿರವಿದ್ದರೆ ಮಗು ನನ್ನ ಮಾತು ಕೇಳುವುದಿಲ್ಲ. ಪೊನ್ನಣ್ಣನಿಗೂ ಹೇಳಿದ್ದಾಗಿತ್ತು. ಅವನ ವಿಡಿಯೋ ಕಾಲ್ ಸರಿಯಾಗಿ ಮಲಗುವ ಹೊತ್ತಿಗೇ ಬರುತ್ತಿತ್ತು.

"ಆಯ್ತು ಅತ್ತೆ, ಇನ್ಮೇಲೆ ಬೆಳಿಗ್ಗೇನೇ ಮಾಡ್ತೀನಿ" ಎಂದಿದ್ದ. "ಮನೇಲಿ ನನಗಿಂತ ಮೇಲಿನ ಆಫೀಸರ್ ಬಂದಾಯ್ತು ಅಂತ ಗೊತ್ತಿರ್ಲಿಲ್ಲ."

ಹಾಡಲು ಶುರುಮಾಡಿದೆ. ಎರಡನೆಯ ಸಾಲಿಗೇ ಹಜಾರದಿಂದ ಇವರ ಕೆಮ್ಮು ಕೇಳಿಸಿತು. ಸ್ವರ ತಪ್ಪಿದಾಗ ಕೂಟದಲ್ಲಿ ಶಿಷ್ಯರಿಗೆ ಕೊಡುತ್ತಿದ್ದ ಕೆಮ್ಮು.

"ರೀ, ಇವತ್ತು ನೀವು ಜಮಖಾನದ ತುದೀಲಿರಿ" ಎಂದೆ. ಕೆಮ್ಮು ನಿಂತಿತು.

ಬೋಜಿ ಮೊದಲು ನಾಲಿಗೆ ಚಾಚಿದಳು. ಕಲ್ಲುಸಕ್ಕರೆ ಬರಲಿಲ್ಲ. ಅಮ್ಮನನ್ನು ಹುಡುಕಿದಳು. ಅಮ್ಮ ಸಿಗಲಿಲ್ಲ. ಅತ್ತಳು. ಎತ್ತಿ ಭುಜಕ್ಕೆ ಹಾಕಿಕೊಂಡು, ಬಿಕ್ಕು ನಿಂತ ಮೇಲೆ ಮತ್ತೆ ಮಲಗಿಸಿ, ಮತ್ತೆ ಮೊದಲ ಸಾಲಿನಿಂದ ಶುರುಮಾಡಿದೆ. ಎಷ್ಟು ಸಲವೋ. ನನ್ನ ಕಣ್ಣಲ್ಲೂ ನೀರು ಬಂತು. ಅಂದು ಅವಳು ಮಲಗಿದ್ದು ಪದ್ಯಕ್ಕಲ್ಲ, ಅತ್ತು ಸುಸ್ತಾಗಿ. ಮೇಲೆ ಬಂದ ಹಂಸಿನಿಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

"ಕೆಳಗಡೆಗೂ ಕೇಳಿಸ್ತಾ?" ಎಂದೆ.

"ಇಲ್ಲಮ್ಮ, ಅಷ್ಟು ದೂರ ಏನು ಕೇಳಿಸುತ್ತೆ. ಆದ್ರೂ ಕೇಳಿಸ್ತು" ಎಂದಳು.

ಮರುಸಂಜೆಯೂ ಅದೇ ಅನ್ನ, ಅದೇ ನೀರು, ಅದೇ ಎಣ್ಣೆ, ಅದೇ ಪದ್ಯ. ಅಳು ಕಡಿಮೆಯಾಯಿತು. ಅದರ ಮಾರನೆಯ ದಿನ ಎಣ್ಣೆಯ ಬಟ್ಟಲು ಕಂಡಕೂಡಲೇ ಬೋಜಿ ತಾನೇ ಕಾಲು ಚಾಚಿದಳು. ಭಾನುವಾರ ನಾನು "ಇಳಿದ ನೇಸರು" ಎನ್ನುತ್ತಿದ್ದಂತೆ ಹೊರಳಿ, ತಟ್ಟು ಎಂಬಂತೆ ಬೆನ್ನು ಕೊಟ್ಟಳು. ಹಕ್ಕಿ ರೆಕ್ಕೆ ಮಡಿಸುವ ಹೊತ್ತಿಗೆ ಅವಳ ಉಸಿರು ಬದಲಾಯಿತು. ಕೇಳುತ್ತಲೇ ಬೆಳೆದ ನನಗೆ ಆ ಉಸಿರು ಗೊತ್ತು. ಎದುರಿಗಿದ್ದವರು ಕಥೆಯನ್ನು ಬಿಟ್ಟು ಬೇರೆಲ್ಲಿಗೋ ಹೊರಡುವ ಗಳಿಗೆ ಅದು. ಅಲ್ಲಿಗೇ ನಿಲ್ಲಿಸಿ ಕೈ ತೆಗೆದೆ. ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಎದ್ದೆ.

ಸೋಮವಾರ ಬೆಳಿಗ್ಗೆ ಹಂಸಿನಿ ಮಗುವಿಗೆ ಹಾಲು ಕುಡಿಸಿ, ಇಸ್ತ್ರಿ ಮಾಡಿದ ಕುರ್ತಾ ತೊಟ್ಟು ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು, "ಮಲಗದಿದ್ರೆ ಫೋನ್ ಮಾಡು. ಕ್ಯಾಬ್ ಹತ್ತಿ ಬಂದ್ಬಿಡ್ತೀನಿ. ಆಮೇಲೆ ಮತ್ತೆ ಹೋಗಲ್ಲ, ಅಷ್ಟೇ" ಎಂದಳು. ನಾನು ತಲೆಯಾಡಿಸಿದೆ.

ಫೋನ್ ಮಾಡುವ ಅಗತ್ಯ ಬರಲಿಲ್ಲ.

ಅವಳು ಬಂದವಳೇ ಚಪ್ಪಲಿ ಕೈಯಲ್ಲಿ ಹಿಡಿದು, ಕೋಣೆಯ ಬಾಗಿಲನ್ನು ಒಂದು ಬೆರಳಿನಷ್ಟು ಸರಿಸಿ ನೋಡಿದಳು. ಬೋಜಿ ಬೋರಲು ಮಲಗಿದ್ದಳು. ಹಂಸಿನಿ ಅಲ್ಲೇ ನಿಂತಿದ್ದಳು, ಒಳಗೆ ಹೋಗಲಿಲ್ಲ. ಆಮೇಲೆ ಅಡುಗೆಮನೆಗೆ ಬಂದಳು.

"ನನ್ನನ್ನ ಕೇಳಿದ್ಲಾ?"

ಇಲ್ಲವೆಂದರೂ ಕಷ್ಟ, ಹೌದೆಂದರೂ ಕಷ್ಟ. ಇದ್ದದ್ದನ್ನೇ ಹೇಳಿದೆ. "ಒಂದು ಸಲ ಬಾಗಿಲ ಕಡೆ ನೋಡಿ 'ಅಮ್ಮ' ಅಂದ್ಲು. ಬರ್ತಾಳೆ ಅಂದೆ. ಮಲಗಿದ್ಲು."

"ಇಷ್ಟೇನಾ?"

"ಇಷ್ಟೇ ಕಣೆ."

ಅವಳು ದುಪಟ್ಟಾವನ್ನು ಎದೆಗೆ ಒತ್ತಿಕೊಂಡಳು. ಕುರ್ತಾ ಹಾಲಿನಿಂದ ಒದ್ದೆಯಾಗಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ನಾಳೆ ಒಂಬತ್ತಕ್ಕೇ ಮೀಟಿಂಗ್ ಇದೆ" ಎಂದಳು. ನಾಳೆಯೂ ಹೋಗುತ್ತಾಳೆಂದು ನನಗೆ ತಿಳಿದದ್ದು ಹಾಗೆ.

ತಟ್ಟೆ ಇಟ್ಟು ಬಿಸಿ ಸಾರನ್ನ ಬಡಿಸಿದೆ. ಬೋಜಿ ಹುಟ್ಟಿದಾಗಿನಿಂದ ಅವಳು ಊಟ ಮಾಡಿದ್ದೆಲ್ಲ ಮಗುವನ್ನು ಎಡತೋಳಿನಲ್ಲಿ ಹಿಡಿದುಕೊಂಡೇ. ಈಗ ಆ ಎಡಗೈಯನ್ನು ಎಲ್ಲಿಡುವುದೆಂದು ಅವಳಿಗೆ ತೋಚಲಿಲ್ಲ. ಮೇಜಿನ ಮೇಲಿಟ್ಟಳು, ತೆಗೆದಳು, ಕಡೆಗೆ ಬರಿದಾದ ಮಡಿಲಿನಲ್ಲಿಟ್ಟುಕೊಂಡು ನಿಧಾನವಾಗಿ ಊಟ ಮಾಡತೊಡಗಿದಳು. ನಾನು ಅನ್ನದ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿ ಎದುರಿಗೆ ಕೂತೆ.