ಖಾಲಿ ಎಂದು ಬರೆದಿದ್ದ ಕೇರಿ

ಹುಚ್ಚಮ್ಮ ಮಗಳು ಲೋಕಮ್ಮನಿಗೆ ಬರೆಸಿದ ಕಾಗದ ಬೆಂಗಳೂರಿನಿಂದ ತಿರುಗಿ ಬಂದಿತು. ಹಬ್ಬಕ್ಕೆ ಬಾ ಎಂದು ಕರೆದಿದ್ದರು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕದ ಮನೆಯ ಶಾಲೆ ಟೀಚರ್ ನಿರ್ಮಲಮ್ಮನವರಿಗೆ ತೋರಿಸಿದರು.

"ವಿಳಾಸ ಸಿಗಲಿಲ್ಲ ಅಂತ ಬರ್ದಾರೆ," ಎಂದರು ನಿರ್ಮಲಮ್ಮ.

"ನೀವು ದಸರಾ ರಜದಾಗೆ ನೋಡ್ಕೊಂಡು ಬಂದ್ರಲ್ರೀ ಅಕ್ಕೋರೆ, ಲೋಕಮ್ಮ ಅಲ್ಲೇ ಅದಾಳಲ್ಲ?"

"ಅದಾಳೆ. ಆದ್ರೆ ಅವ್ಳಿರೋ ಓಣಿ ಪಟ್ಟಣದ ನಕ್ಷೇಲಿಲ್ಲ. ಮುಂದೆ ದೊಡ್ಡ ಬಡಾವಣೆ, ರಸ್ತೆ, ದೀಪ. ಹಿಂದೆ ಗೋಡೆ. ಗೋಡೆ ಹಿಂದೆ ಮಿಲ್ಲಿನ ಕೂಲಿಯೋರ ಗುಡಿಸ್ಲು. ಗೋಡೆ ಸುತ್ತಿ ನೀರು ತರೋದ್ರಲ್ಲೇ ಮಧ್ಯಾಹ್ನ ಆಗ್ತದೆ. ಕೂಲಿ ಬಿಟ್ಟಾಳೆ."

ಹುಚ್ಚಮ್ಮ ಕಾಗದ ಮಡಿಸಿದರು, ಬಿಚ್ಚಿದರು.

"ಇಲ್ಲೂ ಸೊರಬದ ರಸ್ತೆಗೆ ಹೊಸ ಬಡಾವಣೆ ಬರ್ತದೆ," ಎಂದರು ನಿರ್ಮಲಮ್ಮ. "ಪುರಸಭೆ ಕಚೇರೀಲಿ ನಕ್ಷೆ ನೋಡ್ದೆ. ನಮ್ಮ ಕೇರಿ ಮೇಲೆ 'ಖಾಲಿ ಜಾಗ' ಅಂತ ಬರ್ದಾರೆ. ಹಿಂಗಾದ್ರೆ ನಮ್ಗೆ ನಲ್ಲಿನೂ ಇಲ್ಲ, ದಾರಿನೂ ಇಲ್ಲ."

ಜಗುಲಿಯಲ್ಲಿ ಕೂತಿದ್ದ ಹುಚ್ಚಮ್ಮನ ಗಂಡ ಕಲ್ಲಪ್ಪ ನಕ್ಕರು. "ಖಾಲಿನಾ? ಅಳತೆಯೋರಿಗೆ ನಾನೇ ಮಜ್ಜಿಗೆ ಕೊಟ್ಟೀನಿ!"

"ಅವ್ರೇನು ಕೇಳಿದ್ರು?"

"ಜಾಗ ಯಾರ್ದು ಅಂದ್ರು. ನಮ್ದೇನೈತಿ ಸ್ವಾಮಿ, ಎಲ್ಲಾ ದೇವ್ರದು ಅಂದೆ."

ನಿರ್ಮಲಮ್ಮ ಹಣೆ ಚಚ್ಚಿಕೊಂಡರು. "ದೇವ್ರಿಗೆ ನಲ್ಲಿ ಬೇಡ ಕಲ್ಲಪ್ಪಣ್ಣ! ತಿಂಗ್ಳೊಳಗೆ ತಕರಾರು ಅರ್ಜಿ ಕೊಡ್ಬೇಕು."

"ಹಾಳೆ ಮೇಲೆ ಇಲ್ಲದಿದ್ರೇನು ಬಿಡ್ರಿ. ನಾವು ನೆಲದ ಮೇಲೆ ಇದೀವಲ್ಲ."

"ಲೋಕಮ್ಮನೂ ನೆಲದ ಮೇಲೇ ಅದಾಳೆ," ಎಂದರು ಹುಚ್ಚಮ್ಮ. "ನನ್ ಮಾತು ಅವ್ಳಿಗೆ ಮುಟ್ಲಿಲ್ಲ."

ಕಲ್ಲಪ್ಪ ರುಮಾಲು ಸುತ್ತಿಕೊಂಡು ಮನೆಮನೆಗೆ ಹೊರಟರು.

ಮರುದಿನ ಹನ್ನೊಂದು ಮನೆಯವರೂ ಕಚೇರಿಗೆ ಹೋದರು. ಗುಮಾಸ್ತ ಪುಟ್ಟಪ್ಪನವರು ತಮ್ಮ ಕುರ್ಚಿಯನ್ನು ಹುಚ್ಚಮ್ಮನಿಗೆ ಬಿಟ್ಟುಕೊಟ್ಟು, ನಿರ್ಮಲಮ್ಮ ಬರೆದ ಅರ್ಜಿಯನ್ನು ನಿಂತೇ ಎಲ್ಲರಿಗೂ ಕೇಳುವಂತೆ ಓದಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಇಪ್ಪತ್ತು ದಿನ ಕಳೆದ ಮೇಲೆ ಅಳತೆಯವರು ಮತ್ತೆ ಬಂದರು. ನಕ್ಷೆಯಲ್ಲಿ ಹನ್ನೊಂದು ಚೌಕಗಳು ಮೂಡಿದವು, ನಡುವೆ ಒಂದು ದಾರಿ.

"ಬೆಂಗ್ಳೂರಾಗೂ ಹಿಂಗೆ ಅರ್ಜಿ ಕೊಡಬೋದಾ ಅಕ್ಕೋರೆ?" ಎಂದರು ಹುಚ್ಚಮ್ಮ.

"ಕೊಡಬೋದು. ಅಲ್ಲಿ ಓಣಿಯೋರೆಲ್ಲ ಸೇರ್ಬೇಕು. ಬೇಸಿಗೆ ರಜಕ್ಕೆ ಹೋದಾಗ ನಾನೇ ಕೂತು ಬರ್ಕೊಡ್ತೀನಿ."

ಬೇಸಿಗೆಗೆ ಇನ್ನೂ ನಾಲ್ಕು ತಿಂಗಳಿತ್ತು.

ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಊರಿನ ನಕ್ಷೆಯನ್ನು ಪುರಸಭೆ ಇಲ್ಲವೇ ಪಂಚಾಯಿತಿ ಕಚೇರಿಗೆ ಹೋಗಿ ನೋಡಿ. ಓದು ಬಾರದಿದ್ದರೆ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ. ನಮ್ಮ ಬೀದಿ ಎಲ್ಲಿ ಎಂದು ಕೇಳಿ. ಕಾಣದಿದ್ದರೆ ಗಡುವು ಮುಗಿಯುವ ಮುನ್ನ ಒಟ್ಟಾಗಿ ಅರ್ಜಿ ಕೊಡಿ. ನಲ್ಲಿ, ದೀಪ, ದಾರಿ ಮೊದಲು ಹಾಳೆಗೆ ಬರುತ್ತವೆ, ಆಮೇಲೆ ಮನೆ ಬಾಗಿಲಿಗೆ.