ನಲವತ್ತಮೂರು ರಿವೆಟ್ಟು

ಅಪ್ಪನ ಎಡಗೈಯ ತೋರುಬೆರಳಿಗೆ ಉಗುರಿಲ್ಲ. ಮೂವತ್ತೊಂದು ವರ್ಷದಲ್ಲಿ ನಾಲ್ಕು ಸಲ ಕಿತ್ತು ಬಿದ್ದ ಮೇಲೆ ಅದು ಮತ್ತೆ ಬೆಳೆಯುವ ಉಸಾಬರಿಗೇ ಹೋಗಲಿಲ್ಲ. ಕೆಲಸವೇ ಅಂಥದ್ದು. ಹಳೆಯ ರೈಲು ಸೇತುವೆಯ ಕಬ್ಬಿಣದ ತೊಲೆಗಳ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಬೇಕು. ಕಬ್ಬಿಣದ ಪಟ್ಟಿಗಳನ್ನು ಬಿಗಿದು ಹಿಡಿದಿರುವ ದಪ್ಪ ಮೊಳೆ, ಅಂದರೆ ರಿವೆಟ್ಟಿನ ತಲೆಯ ಅಂಚಿಗೆ ಬೆರಳಿಟ್ಟು ಸುತ್ತಿಗೆಯಿಂದ ಬಡಿಯಬೇಕು. ಗಟ್ಟಿ ರಿವೆಟ್ಟು ಸುಮ್ಮನಿರುತ್ತದೆ. ಸಡಿಲವಾದದ್ದು ಬೆರಳಿನಡಿ ನಡುಗುತ್ತದೆ. ನಡುಗಿದ್ದರ ಸುತ್ತ ಸೀಮೆಸುಣ್ಣದಿಂದ ಒಂದು ಸೊನ್ನೆ ಸುತ್ತಬೇಕು.

ಸೇತುವೆಗೆ ನೂರು ವರ್ಷ, ಅದು ಕಾಯಂ. ಅಪ್ಪನಿಗೆ ಮೂವತ್ತೊಂದು ವರ್ಷ ಸರ್ವಿಸು, ಅವನು ತಾತ್ಕಾಲಿಕ. ತಾತ್ಕಾಲಿಕದವರು ತಪಾಸಣೆ ಪುಸ್ತಕದಲ್ಲಿ ಬರೆಯುವಂತಿಲ್ಲ. ಬರೆಯುವವರು ಸೂಪರ್‌ವೈಸರ್. ಸೇತುವೆ ಹತ್ತಿದರೆ ಅವರಿಗೆ ತಲೆ ಸುತ್ತುತ್ತದೆ. ಆದ್ದರಿಂದ ತಿಂಗಳ ಒಂದನೇ ತಾರೀಕಿಗೇ ಕುರ್ಚಿಯಲ್ಲಿ ಕೂತು ಮೂವತ್ತೂ ದಿನದ ಸಾಲುಗಳಲ್ಲಿ ‘ಎಲ್ಲ ಸುಭದ್ರ’ ಎಂದು ಬರೆದು ರುಜು ಹಾಕಿಬಿಡುತ್ತಿದ್ದರು. ಮುಂದಾಲೋಚನೆ ಎಂದರೆ ಇದು.

ನಾನು ಕಾಲೇಜು ಓದಿದವಳು. ಶತಮಾನೋತ್ಸವದ ಪುಸ್ತಿಕೆ ಬರೆಯಲು ನನ್ನನ್ನು ಅದೇ ಕಚೇರಿಗೆ ಕರೆದರು. ನಾನೂ ತಾತ್ಕಾಲಿಕ.

“ಇತಿಹಾಸ ಒಂದು, ವಿನ್ಯಾಸ ಒಂದು, ಎರಡೇ ಅಧ್ಯಾಯ,” ಎಂದರು ಇಂಜಿನಿಯರ್ ಸಾಹೇಬರು. “ಓದಿದೋರಿಗೆ ಹೆಮ್ಮೆ ಆಗ್ಬೇಕಮ್ಮ. ತಲೆನೋವು ಬರ್ಬಾರ್ದು.”

ವಿನ್ಯಾಸ ನಿಜಕ್ಕೂ ಹೆಮ್ಮೆಯದೇ. ಹನ್ನೊಂದು ತೊಲೆಗಳು. ಪ್ರತಿ ತೊಲೆಯ ಒಂದು ತುದಿ ಕಲ್ಲಿನ ಕಂಬಕ್ಕೆ ಬಿಗಿ. ಇನ್ನೊಂದು ತುದಿಯ ಕೆಳಗೆ ಉರುಳೆಗಳು. ಬಿಸಿಲಿಗೆ ಕಬ್ಬಿಣ ಉದ್ದವಾಗುತ್ತದಲ್ಲ, ಅದಕ್ಕೆ ಕಾಲು ಚಾಚಲು ಎರಡು ಬೆರಳು ಜಾಗ. ಕಬ್ಬಿಣದ ಕಷ್ಟ ಅರಿತ ಆ ವಿನ್ಯಾಸಕಾರ ಮಹಾನುಭಾವರೇ ಕೂಲಿಯವರ ಗುಡಿಸಲಿನ ನಕಾಶೆಯನ್ನೂ ಬರೆದಿದ್ದರು: ಹತ್ತಡಿಗೆ ಎಂಟಡಿ, ಹನ್ನೆರಡು ಮಂದಿಗೆ. ಮನುಷ್ಯರು ಬಿಸಿಲಿಗೆ ಉದ್ದವಾಗುವುದಿಲ್ಲ ತಾನೇ.

ಇತಿಹಾಸದ ಕಡತದಲ್ಲಿ, ನಡುಹೊಳೆಯ ಕಂಬ ಕುಸಿದ ದಿನದ ನಷ್ಟದ ಪಟ್ಟಿ ಸಿಕ್ಕಿತು. ‘ಕ್ರೇನು ಎರಡು, ದೋಣಿ ಒಂದು, ಕೂಲಿಗಳು ಕೆಲವರು.’ ವಿನ್ಯಾಸಕಾರರ ನಾಯಿಗೆ ದಂಡೆಯಲ್ಲಿ ಕಲ್ಲಿನ ಸಮಾಧಿ ಇದೆ, ಹೆಸರು, ಹುಟ್ಟಿದ ದಿನ, ಸತ್ತ ದಿನ ಸಮೇತ. ನಷ್ಟದ ಪಟ್ಟಿಯ ಆ ಸಾಲನ್ನು ಇದ್ದ ಹಾಗೆಯೇ ಪುಸ್ತಿಕೆಗೆ ಇಳಿಸಿದೆ. ಸಾಹೇಬರು ಪೆನ್ಸಿಲ್ಲಿನಿಂದ ಕೊನೆಯ ಎರಡು ಪದ ಹೊಡೆದುಹಾಕಿದರು.

“ಕ್ರೇನ್ ಇರ್ಲಿ,” ಎಂದರು.

ಅದೇ ವಾರ ಅಪ್ಪ ಸೂಪರ್‌ವೈಸರ ಮೇಜಿನ ಮುಂದೆ ಬಂದು ನಿಂತ. ನಾನು ಪಕ್ಕದ ಮೇಜಿನಲ್ಲಿದ್ದೆ.

“ಸಾರ್, ಮೊದಲನೇ ತೊಲೇಲಿ ನಲವತ್ಮೂರು ಅಲ್ಲಾಡ್ತಿವೆ. ಬದಲಾಯಿಸದೆ ಗಾಡಿ ಬಿಡ್ಬೇಡಿ.”

“ಒಟ್ಟು ಎಷ್ಟಿದಾವೋ?”

“ಎರಡು ಲಕ್ಷದ ಮೇಲೆ.”

“ನಿನ್ನ ತಲೇಲಿ ಅದಕ್ಕಿಂತ ಜಾಸ್ತಿ ಕೂದ್ಲು ಉದುರಿದೆ. ನೀನೇನು ಬಿದ್ದುಹೋದ್ಯಾ?”

“ಎಲ್ಲಾ ಒಂದೇ ಕಡೆ ಇವೆ ಸಾರ್, ಜೋಡಣೆ ಹತ್ರ. ತೊಲೆ ಕೂತ್ಬಿಡುತ್ತೆ.”

“ಪುಸ್ತಕದಲ್ಲಿ ಸುಭದ್ರ ಅಂತ ಬರ್ದಾಗಿದೆ. ಈಗ ಅಲ್ಲಾಡ್ತಿದೆ ಅಂದ್ರೆ ಪುಸ್ತಕಕ್ಕೆ ಅವಮಾನ ಅಲ್ವೇನೋ?”

ನಾನು ತಲೆ ತಗ್ಗಿಸಿ ಅಲ್ಪವಿರಾಮ ತಿದ್ದುತ್ತಿದ್ದೆ. ಮನೆಯ ಚಿಲಕವನ್ನು ಮೂರು ಸಲ ನೋಡುವ ಹೆಂಗಸು ನಾನು. ಬಾಯಿ ತೆರೆಯುವ ಮೊದಲು ಮೂವತ್ತು ಸಲ ಯೋಚಿಸುತ್ತೇನೆ. ಮರುದಿನ ಅಪ್ಪನನ್ನು ಕೆಲಸದಿಂದ ತೆಗೆದರು. ಕಾರಣ: ದೃಷ್ಟಿ ಮಂದ. ಬೆರಳಿನಿಂದ ನೋಡುವವನಿಗೆ ಕಣ್ಣಿನ ನೆಪ.

ಬಣ್ಣ ಬಳಿಯಲು ಸೇತುವೆಯನ್ನು ಹದಿನೈದು ದಿನ ಮುಚ್ಚಿದರು. ತೆರೆದಾಗ ಮೊದಲು ಹೋಗುವುದು ಗಣ್ಯರ ಗಾಡಿ. ಮರುದಿನದಿಂದ ನಮ್ಮ ಕೇರಿಯವರೆಲ್ಲ ಕೆಲಸಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್. ಬಣ್ಣ ಬಿದ್ದರೆ ಸುಣ್ಣದ ಸೊನ್ನೆಗಳು ಅಳಿಸಿಹೋಗುತ್ತವೆ. ಅಪ್ಪನ ಜೊತೆ ಮಧ್ಯಾಹ್ನದ ಊಟದ ಹೊತ್ತಿಗೆ ಸೇತುವೆಗೆ ಹೋದೆ. ಬಣ್ಣದ ಕೆಲಸದ ಒಂಬತ್ತು ಜನರಲ್ಲಿ ಮುಂದಾಳು ಒಬ್ಬ ಹೆಂಗಸು. ಎಲ್ಲರಿಗೂ ಅವಳು ಬಣ್ಣದಕ್ಕ.

“ತುಕ್ಕು ಕಾಣಿಸ್ಬಾರ್ದು ಅಂತ ಹೇಳವ್ರೆ ಅಣ್ಣ. ಗಾಡಿ ಬೀಳ್ಬಾರ್ದು ಅಂತ ಯಾರೂ ಹೇಳಿಲ್ಲ,” ಎಂದು ಅವಳು ಡಬ್ಬಿ ಮುಚ್ಚಿದಳು. “ನನ್ನ ಮಗಳೂ ಅದೇ ಗಾಡೀಲಿ ಹೋಗೋದು. ಏನು ಮಾಡೋಣ, ನೀನು ಓದಿದೋಳು, ಹೇಳು ತಂಗಿ.”

“ಮೊದಲು ಕೆಂಪು ಬಳಿದು ಆಮೇಲೆ ಬೆಳ್ಳಿ ಬಣ್ಣ ಅಲ್ವಾ ಅಕ್ಕ?” ಎಂದೆ. “ಆ ನಲವತ್ಮೂರಕ್ಕೆ ಕೆಂಪೇ ಸಾಕಾಗಬಹುದೇನೋ.”

“ಸಾಕಾಗಬಹುದೇನೋ,” ಎಂದು ಅವಳು ನನ್ನ ದನಿಯನ್ನೇ ಅಣಕಿಸಿದಳು. “ಸಾಕು ಅನ್ನೋಕೆ ಇಷ್ಟು ಓದ್ಬೇಕಿತ್ತಾ?” ಒಂಬತ್ತೂ ಜನ ನಕ್ಕರು. ಆದರೆ ಅಪ್ಪ ಮೇಲೆ ಹತ್ತಿ ಒಂದೊಂದನ್ನೇ ತೋರಿಸುವಾಗ ಯಾರೂ ನಗಲಿಲ್ಲ.

ಸೂಪರ್‌ವೈಸರ್ ಕುರ್ಚಿಯಿಂದಲೇ ‘ಬಣ್ಣ ಸಂಪೂರ್ಣ’ ಎಂದು ಬರೆದರು.

ಉತ್ಸವದ ಬೆಳಿಗ್ಗೆ ಗಣ್ಯರ ಗಾಡಿ ಹೂವಿನ ಹಾರ ಹಾಕಿಕೊಂಡು ಬಂತು, ಸೇತುವೆಯ ಬಾಯಲ್ಲಿ ನಿಂತುಬಿಟ್ಟಿತು. ಮಿರಮಿರನೆ ಹೊಳೆಯುವ ಬೆಳ್ಳಿಯ ತೊಲೆಯಲ್ಲಿ ದಡಾರ ಎದ್ದಂತೆ ಕೆಂಪು ಚುಕ್ಕೆಗಳು. ಇಂಜಿನಿಯರ್ ಸಾಹೇಬರಿಗೂ ಮೇಲಿನ ದೊಡ್ಡ ಸಾಹೇಬರು ಗಾಡಿಯಿಂದ ಇಳಿದು ಬಂದರು.

“ಯಾಕಪ್ಪ ನಿಲ್ಲಿಸ್ದೆ?”

“ಕೆಂಪು ಕಂಡ್ರೆ ನಿಲ್ಸು ಅಂತ ನೀವೇ ಕಲ್ಸಿದ್ದು ಸಾರ್,” ಎಂದ ಚಾಲಕ. “ಇಲ್ಲಿ ಒಂದಲ್ಲ, ನಲವತ್ಮೂರು ಇವೆಯಂತೆ.”

ಸೂಪರ್‌ವೈಸರ್ ಪುಸ್ತಕ ಬಿಚ್ಚಿದರು. “ಎಲ್ಲ ಸುಭದ್ರ ಸಾರ್. ಇವತ್ತಿನದೂ ಬರ್ದಿದೀನಿ, ನಾಳೇದೂ...”

“ಹಾಗಾದ್ರೆ ನೀವು ಮುಂದೆ ನಡೀರಿ ಸಾರ್,” ಎಂದ ಚಾಲಕ. “ನಿಮ್ಮ ಹಿಂದೇನೇ ಗಾಡಿ ತರ್ತೀನಿ.”

ಸೂಪರ್‌ವೈಸರಿಗೆ ನೆಲದ ಮೇಲೆಯೇ ತಲೆ ಸುತ್ತಿತು. ಅಷ್ಟರಲ್ಲಿ ಒಂಬತ್ತು ಜನ ಕುಂಚ ಹಿಡಿದು ಹಳಿಯ ಮೇಲೆ ಬಂದು ನಿಂತಿದ್ದರು. ಅವರ ನಡುವಿನಿಂದ ಅಪ್ಪ ಸುತ್ತಿಗೆ ಹಿಡಿದು ಬಂದ.

“ಬೆರಳಿಡಿ ಸಾರ್,” ಎಂದ ದೊಡ್ಡ ಸಾಹೇಬರಿಗೆ.

ಉಂಗುರ ತೊಟ್ಟ ಬೆರಳು ಹಿಂದೆ ಮುಂದೆ ನೋಡುತ್ತ ರಿವೆಟ್ಟಿನ ಅಂಚಿಗೆ ಬಂತು. ಅಪ್ಪ ಬಡಿದ. ದೊಡ್ಡ ಸಾಹೇಬರು ಸುಟ್ಟುಕೊಂಡವರ ಹಾಗೆ ಕೈ ಎಳೆದುಕೊಂಡರು. ಗಾಡಿ ಹಿಂದಕ್ಕೆ ಹೋಯಿತು.

ರಿವೆಟ್ಟುಗಳು ಬದಲಾದವು. ಪುಸ್ತಿಕೆಗೆ ಒಂದು ಪುಟ ಸೇರಿಸಲು ನನಗೆ ಆಜ್ಞೆಯಾಯಿತು: ‘ದೊಡ್ಡ ಸಾಹೇಬರು ಖುದ್ದು ಬೆರಳಿಟ್ಟು ದೋಷ ಪತ್ತೆ ಹಚ್ಚಿದರು.’ ನಾನು ಮೂವತ್ತು ಸಲ ಯೋಚಿಸಿದೆ. ಆಮೇಲೆ ಆ ಪುಟದಲ್ಲಿ ಒಂಬತ್ತು ಜನರ ಹೆಸರು, ಚಾಲಕನ ಹೆಸರು, ಅಪ್ಪನ ಹೆಸರು ಬರೆದೆ. ಪೆನ್ಸಿಲ್ಲು ಹೊಡೆದಿದ್ದ ಎರಡು ಪದಗಳನ್ನೂ ವಾಪಸ್ಸು ಕೂರಿಸಿದೆ. ಯಾರಿಗೂ ತೋರಿಸದೆ ಅಚ್ಚಿಗೆ ಕೊಟ್ಟೆ.

ಪುಸ್ತಿಕೆ ಹಂಚಿದ ದಿನವೇ ನಮಗೆಲ್ಲ ಕೆಲಸದಿಂದ ತೆಗೆದ ಪತ್ರ ಬಂತು. ಮೂವತ್ತೊಂದು ವರ್ಷ ತಾತ್ಕಾಲಿಕವಾಗಿದ್ದ, ಒಮ್ಮೆ ಆಗಲೇ ತೆಗೆದಿದ್ದ ಅಪ್ಪನನ್ನು ಈ ಸಲ ಕಾಯಂ ಆಗಿ ತೆಗೆದುಹಾಕಿದ್ದರು. ಪತ್ರ ಹಿಡಿದು ಒಂಬತ್ತು ಜನ ನಮ್ಮ ಮನೆಗೇ ಬಂದರು.

“ತಂಗಿ, ಇದಕ್ಕೆ ಉತ್ತರ ಬರಿ,” ಎಂದಳು ಬಣ್ಣದಕ್ಕ. “ಈ ಸಲ ‘ಬಹುದೇನೋ’ ಬೇಡ.”

ನಾನು ಹಾಳೆ ತೆಗೆದೆ. ಅಪ್ಪ ಪುಸ್ತಿಕೆಯಲ್ಲಿ ತನ್ನ ಹೆಸರು ಹುಡುಕಿ, ಅದರ ಅಂಚಿಗೆ ಉಗುರಿಲ್ಲದ ಬೆರಳಿಟ್ಟು, ಬಲಗೈಯಿಂದ ಪುಟವನ್ನು ಮೆಲ್ಲಗೆ ಬಡಿದ.

“ಅಲ್ಲಾಡ್ತಿಲ್ಲ,” ಎಂದ.