ಕಂಬದ ಮೇಲಿನ ಬೆರಳು

ರೋಹಿಣಿ ಅಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಗೇಟಿನ ಕಡೆ ಗುಸುಗುಸು ಎದ್ದಿತು. ಕೈ ಒರೆಸಿಕೊಂಡು ಹೊರಗೆ ಬಂದಳು.

ನವನಗರದ ಆ ಮನೆಯ ಗೇಟಿನ ಮೇಲೆ ಅಡ್ಡಲಾಗಿ ಬ್ಯಾನರ್ ಬಿಗಿದಿದ್ದರು. 'ಗುಡಿಗಳ ಛಾಯಾಗ್ರಾಹಕ ಧರ್ಮರಾಜರಿಗೆ ಅಂತಿಮ ನಮನ.' ಅಕ್ಷರಗಳ ಹಿಂದೆ ಹಳೇ ಬಾಗಲಕೋಟೆಯ ಹಣಮಪ್ಪನ ಗುಡಿ. ಫೋಟೋ ಅಪ್ಪ ತೆಗೆದದ್ದೇ. ಬ್ಯಾನರ್ ಕಟ್ಟಿಸಿದವರು ವಿದ್ಯಾಗಿರಿಯ ನಿವೃತ್ತ ಪ್ರಾಧ್ಯಾಪಕ ವಿಜಯೀಂದ್ರ. ಹೋದ ತಿಂಗಳು ಅಪ್ಪನ ಫೋಟೋಗಳ ಪ್ರದರ್ಶನ ಮಾಡಿಸಿದವರೂ ಅವರೇ.

ಹಳೇ ಊರಿನಲ್ಲಿ ಪಕ್ಕದ ಮನೆಯವಳಾಗಿದ್ದ ಮುಬಶೀರಾ ಅಳಲು ಬಂದವಳು ಅಳದೆ ಮೇಲೆ ನೋಡುತ್ತ ನಿಂತಿದ್ದಳು. ಬ್ಯಾನರಿನ ಬಲ ಅಂಚಿನಲ್ಲಿ, ಗುಡಿಯ ಕಂಬದ ಮೇಲೆ, ಯಾರದೋ ಬೆರಳುಗಳು ಮಾತ್ರ ಉಳಿದಿದ್ದವು.

"ನಮ್ಮ ಅಬ್ಬಾನ ಕೈ ಅದು," ಎಂದಳು.

* * *

ವರ್ಷಗಳ ಹಿಂದೆ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿ ಊರು ಖಾಲಿಯಾಗುತ್ತಿದ್ದಾಗ ಧರ್ಮರಾಜ ಸ್ಟುಡಿಯೋಕ್ಕೆ ಬೀಗ ಜಡಿದು ಕ್ಯಾಮೆರಾ ಹಿಡಿದು ಬೀದಿಗಿಳಿದಿದ್ದ. ಗುಡಿ, ಮಸೀದಿ, ಬಸದಿ, ಚರ್ಚು ಎಲ್ಲವನ್ನೂ ತೆಗೆದ. ಮಂದಿ ಇಲ್ಲದೆ ಒಂದನ್ನೂ ತೆಗೆಯಲಿಲ್ಲ. ಹಣಮಪ್ಪನ ಗುಡಿಯ ಬಾಗಿಲು ಬಿಚ್ಚಲು ಬಂದಿದ್ದ ಬಡಿಗ ಮಕ್ತುಮಸಾಬ, ಮುಬಶೀರಾಳ ತಂದೆ, ಫೋಟೋಕ್ಕೆ ಅಡ್ಡವಾದೆನೆಂದು ಸರಿಯಹೋದ.

"ಸರೀಬ್ಯಾಡ್ರಿ ಕಾಕಾ," ಎಂದ ಧರ್ಮರಾಜ. "ನೀವು ಇಲ್ಲಂದ್ರ ಇದು ಬರೇ ಕಲ್ಲು."

ಮರುದಿನ ಮಸೀದಿಯ ಫೋಟೋದಲ್ಲಿ ನಿಂತವನು ಅದೇ ಗುಡಿಯ ಪೂಜಾರಿ ತಿಮ್ಮಣ್ಣ.

ಹೋದ ತಿಂಗಳ ಪ್ರದರ್ಶನದಲ್ಲಿ ಮಸೀದಿ ಇರಲಿಲ್ಲ, ಚರ್ಚು ಇರಲಿಲ್ಲ. ಗುಡಿಗಳಷ್ಟೇ, ಅದೂ ಮಂದಿಯನ್ನು ಕತ್ತರಿಸಿ. ಶಾಲು ಹೊದಿಸುವ ಮುಂಚೆಯೇ ಧರ್ಮರಾಜ ಎದ್ದು ಮನೆಗೆ ಬಂದುಬಿಟ್ಟಿದ್ದ. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ.

"ಅವ್ರನ್ನೆಲ್ಲಾ ಕರದು ನಿಂದ್ರಸಿದಾಂವ ನಾನವ್ವಾ," ಎಂದಿದ್ದ ಮಗಳಿಗೆ. "ಈಗ ಯಾವ ಮುಖಾ ತೋರಸ್ಲಿ?"

* * *

ರೋಹಿಣಿ ಅಂಗಳದಲ್ಲಿದ್ದ ವಿಜಯೀಂದ್ರರಿಗೆ ಬ್ಯಾನರ್ ಬಿಚ್ಚಿಸಿರಿ ಎಂದಳು. ಅವರು ದನಿ ತಗ್ಗಿಸಿದರು. ಅಕ್ಷರಕ್ಕೆ ಜಾಗ ಸಾಲಲಿಲ್ಲ, ಇಂಥ ದಿನ ಅದನ್ನೆಲ್ಲ ಎತ್ತಬಾರದು ಎಂದರು.

"ಜಾಗಾ ಸಾಲ್ದಿದ್ರ ಕಂಬಾ ಕಡೀಬೇಕಿತ್ರಿ ಸರ. ಮನಶ್ಯಾನ್ನ ಯಾಕ ಕಡದ್ರಿ?"

ಹೆಣ ಎತ್ತುವ ಹೊತ್ತಾಯಿತು, ಆಮೇಲೆ ನೋಡೋಣ ಎಂದು ಹಿರಿಯರು ಅವಳನ್ನೇ ಸುಮ್ಮನಾಗಿಸಿದರು.

ಚಟ್ಟ ಎತ್ತಿದರು. ಮುಂದೆ, ಬೇಡವೆಂದರೂ ಕೇಳದೆ, ಎಪ್ಪತ್ತು ದಾಟಿದ ತಿಮ್ಮಣ್ಣ ಹೆಗಲು ಕೊಟ್ಟಿದ್ದ. ಹಿಂದೆ ಮುಬಶೀರಾಳ ಮಗ ತೌಸಿಫ. ಗೇಟಿನ ತನಕ ಬಂದ ತಿಮ್ಮಣ್ಣ ಬ್ಯಾನರಿನ ಕೆಳಗೆ ದಾಟದೆ ಅಲ್ಲೇ ನಿಂತ.

"ಇದರ ಬುಡಕ ಧರ್ಮಣ್ಣ ಬರೂದಿಲ್ಲ," ಎಂದ.

ವಿಜಯೀಂದ್ರ ಯಾರಾದರೂ ಬಿಚ್ಚಿಯಾರೆಂದು ಸುತ್ತ ನೋಡಿದರು. ಯಾರೂ ಮಿಸುಕಲಿಲ್ಲ. ಕೊನೆಗೆ ತಾವೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹತ್ತಿ, ಬಿಗಿದ ಗಂಟಿಗೆ ಉಗುರು ಹಾಕಿದರು. ಕುರ್ಚಿ ಅಲುಗಾಡಿತು. ಹಿಡಿಯಲು ಒಬ್ಬರೂ ಮುಂದೆ ಬರಲಿಲ್ಲ. ತೌಸಿಫ ಹೆಗಲು ಬದಲಿಸಿದ. ಚಟ್ಟವನ್ನು ಯಾರೂ ಕೆಳಗಿಳಿಸಲಿಲ್ಲ.